ಇಟಿಒ ಬಿಟ್ಟು ಪ್ಲಾಸ್ಮಾಕ್ಕೆ: ಎಲ್ಲಿ ಸಾಧ್ಯ, ಎಲ್ಲಿ ಇಲ್ಲ

ವೈದ್ಯಕೀಯ ಉಪಕರಣಗಳನ್ನು ಸ್ಟೆರಿಲೈಸ್ ಮಾಡಲು, ಅಂದರೆ ಅವುಗಳ ಮೇಲಿನ ಜೀವಾಣುಗಳನ್ನೆಲ್ಲ ಕೊಲ್ಲಲು, ಬಳಸುವ ಎಥಿಲೀನ್ ಆಕ್ಸೈಡ್ (ಇಟಿಒ) ಅನಿಲದ ಬಗ್ಗೆ ಅಮೆರಿಕದಿಂದ ಬಂದ ಮೂರು ಸುದ್ದಿಗಳನ್ನು ಒಟ್ಟಿಗೆ ಓದಿದರೆ ತಲೆಬುಡ ಅರ್ಥವಾಗುವುದು ಕಷ್ಟ. 2024ರ ಜನವರಿಯಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ವೈದ್ಯಕೀಯ ಉಪಕರಣಗಳನ್ನು ಸ್ಟೆರಿಲೈಸ್ ಮಾಡುವ ಹೈಡ್ರೋಜನ್ ಪೆರಾಕ್ಸೈಡ್ ಆವಿಯ ವಿಧಾನವನ್ನು ಹಬೆ, ಎಥಿಲೀನ್ ಆಕ್ಸೈಡ್, ವಿಕಿರಣಗಳ ಸಾಲಿಗೆ ಸೇರಿಸಿ ‘ನೆಲೆನಿಂತ ವಿಧಾನ’ ಎಂದು ಒಪ್ಪಿಕೊಂಡಿತು. ಅದೇ ವರ್ಷದ ಮಾರ್ಚ್‌ನಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ, ಸುಮಾರು 90 ವಾಣಿಜ್ಯ ಘಟಕಗಳು ಹೊರಬಿಡುವ ಎಥಿಲೀನ್ ಆಕ್ಸೈಡನ್ನು ಶೇ. 90ಕ್ಕೂ ಹೆಚ್ಚು ತಗ್ಗಿಸಬೇಕೆಂಬ ನಿಯಮ ತಂದಿತು. 2025ರ ಜುಲೈನಲ್ಲಿ ಅಧ್ಯಕ್ಷರ ಘೋಷಣೆಯ ಮೂಲಕ ಅಂಥ ಹಲವು ಘಟಕಗಳಿಗೆ ಆ ನಿಯಮದಿಂದ ಎರಡು ವರ್ಷಗಳ ವಿನಾಯಿತಿ ಸಿಕ್ಕಿತು.

ಅನಿಲ ಕ್ಯಾನ್ಸರ್ ತರುತ್ತದೆ ಎಂದು ಒಪ್ಪಿದ್ದಾರೆ, ಬೇರೆ ದಾರಿ ಇದೆ ಎಂದೂ ಒಪ್ಪಿದ್ದಾರೆ. ಹಾಗಿದ್ದರೆ ವಿನಾಯಿತಿ ಯಾಕೆ? ಆಸ್ಪತ್ರೆಗಳಲ್ಲಿ ದಿನವೂ ಓಡುತ್ತಿರುವ, ಇದೇ ಪೆರಾಕ್ಸೈಡ್ ಆವಿಯನ್ನು ಬಳಸುವ ಪ್ಲಾಸ್ಮಾ ಸ್ಟೆರಿಲೈಸರ್‌ಗಳನ್ನೇ ಎಲ್ಲೆಡೆ ಬಳಸಲು ಏನು ಅಡ್ಡಿ? ಉತ್ತರ ಕಾನೂನಿನಲ್ಲಿ ಸಿಗುವುದಕ್ಕಿಂತ ಹೆಚ್ಚಾಗಿ ಆ ಯಂತ್ರದ ಚೇಂಬರಿನೊಳಗೆ ಸಿಗುತ್ತದೆ.

ಬಿಸಿ ತಾಳದ ಉಪಕರಣಗಳು

ಸ್ಟೆರಿಲೈಸ್ ಮಾಡಲು ಹಬೆಯಷ್ಟು ನಂಬಿಕಸ್ಥ, ಅಗ್ಗದ ದಾರಿ ಇನ್ನೊಂದಿಲ್ಲ. ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15ರಿಂದ 30 ನಿಮಿಷ, ಇಲ್ಲವೇ ಗಾಳಿಯನ್ನು ಮೊದಲೇ ಎಳೆದು ತೆಗೆಯುವ ಯಂತ್ರದಲ್ಲಿ 134 ಡಿಗ್ರಿಯಲ್ಲಿ ಮೂರು-ನಾಲ್ಕು ನಿಮಿಷ ಸಾಕು. ಕತ್ತರಿ, ಚಿಮಟ, ಫೋರ್ಸೆಪ್ಸ್‌ಗಳಿಗೆ ಬೇರೆ ವಿಧಾನ ಹುಡುಕುವ ಅಗತ್ಯವೇ ಇಲ್ಲ. ತೊಂದರೆ ಶುರುವಾಗುವುದು ಕ್ಯಾಮೆರಾ ಹೆಡ್, ಅಂಟಿನಿಂದ ಕೂರಿಸಿದ ಮಸೂರಗಳುಳ್ಳ, ದೇಹದೊಳಗೆ ನೋಡುವ ಟೆಲಿಸ್ಕೋಪ್, ಫೈಬರ್ ಆಪ್ಟಿಕ್ ಕೇಬಲ್, ಬ್ಯಾಟರಿ ಇರುವ ಡ್ರಿಲ್, ಮೂತ್ರನಾಳದೊಳಗೆ ನೋಡುವ, ಬಾಗುವ ಯುರೆಟೆರೋಸ್ಕೋಪ್‌ಗಳ ವಿಷಯದಲ್ಲಿ. ಬಿಸಿಗೆ ಅಂಟು ಬಿಡುತ್ತದೆ, ಮಸೂರದ ಹಿಂದೆ ತೇವ ಸೇರಿ ಚಿತ್ರ ಮಂಜಾಗುತ್ತದೆ, ಸರ್ಕ್ಯೂಟ್ ಸಾಯುತ್ತದೆ.

ಇಂಥ ವಸ್ತುಗಳಿಗೆ ದಶಕಗಳ ಕಾಲ ಆಧಾರವಾಗಿದ್ದದ್ದು ಎಥಿಲೀನ್ ಆಕ್ಸೈಡ್, ಆಸ್ಪತ್ರೆಯವರ ಬಾಯಲ್ಲಿ ಇಟಿಒ. 37ರಿಂದ 63 ಡಿಗ್ರಿಯೊಳಗೆ, ಶೇ. 40ರಿಂದ 80ರ ತೇವಾಂಶದಲ್ಲಿ, ಒಂದರಿಂದ ಆರು ಗಂಟೆ ಒಡ್ಡಿದರೆ ಕೆಲಸ ಮುಗಿಯುತ್ತದೆ. ಅದರ ದೊಡ್ಡ ಗುಣವೆಂದರೆ ತೂರುವ ಶಕ್ತಿ. ರಟ್ಟಿನ ಪೆಟ್ಟಿಗೆ, ಕಾಗದ, ಪ್ಲಾಸ್ಟಿಕ್, ಉದ್ದದ ಸಣ್ಣ ಕೊಳವೆ ಎಲ್ಲವನ್ನೂ ದಾಟಿ ಒಳಗೆ ಹೋಗುತ್ತದೆ. ಆ ಗುಣವೇ ದೋಷವೂ ಹೌದು. ಪ್ಲಾಸ್ಟಿಕ್ಕಿನೊಳಗೆ ನುಗ್ಗಿದ ಅನಿಲ ಅಷ್ಟು ಸುಲಭವಾಗಿ ಹೊರಬರುವುದಿಲ್ಲ. ಅದನ್ನು ಹೊರಗೆಳೆಯಲು 60 ಡಿಗ್ರಿಯಲ್ಲಿ 8 ಗಂಟೆ, 50 ಡಿಗ್ರಿಯಲ್ಲಾದರೆ 12 ಗಂಟೆ ಗಾಳಿಯಾಡಿಸಬೇಕು. ಅಂದರೆ ಬೆಳಿಗ್ಗೆ ಬಳಸಿದ ಟೆಲಿಸ್ಕೋಪ್ ಮತ್ತೆ ಕೈಗೆ ಸಿಗುವುದು ಮಾರನೆಯ ದಿನ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಇಟಿಒವನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತ್ತು. ಕೆಲಸದ ಜಾಗದಲ್ಲಿ ಅಮೆರಿಕದ ಮಿತಿ ಎಂಟು ಗಂಟೆಗಳ ಸರಾಸರಿಯಲ್ಲಿ 1 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ. ಆದರೆ ಮೂಗಿಗೆ ಅದರ ವಾಸನೆ ತಿಳಿಯುವುದು ನೂರಾರು ಪಿಪಿಎಂ ತಲುಪಿದ ಮೇಲೆ. ಸೋರಿಕೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. 2016ರಲ್ಲಿ ಇಪಿಎ ಮರುಪರಿಶೀಲನೆ ನಡೆಸಿ, ಹಿಂದೆ ಅಂದುಕೊಂಡಿದ್ದಕ್ಕಿಂತ ಅಪಾಯ ಬಹಳ ಹೆಚ್ಚು ಎಂದಿತು. ಇಲಿನಾಯ್ಸ್ ರಾಜ್ಯದ ವಿಲ್ಲೋಬ್ರೂಕ್‌ನಲ್ಲಿದ್ದ ಘಟಕಕ್ಕೆ 2019ರಲ್ಲಿ ಬೀಗ ಬಿದ್ದದ್ದು, ಈಗಿನ ನಿಯಮಗಳು ಹುಟ್ಟಿದ್ದು ಇದರ ಬೆನ್ನಲ್ಲೇ.

ಚೇಂಬರಿನೊಳಗೆ ಏನಾಗುತ್ತದೆ

ಹೈಡ್ರೋಜನ್ ಪೆರಾಕ್ಸೈಡ್ ಗ್ಯಾಸ್ ಪ್ಲಾಸ್ಮಾ ಯಂತ್ರಗಳು ಅಮೆರಿಕದ ಆಸ್ಪತ್ರೆಗಳಿಗೆ ಬಂದದ್ದು 1990ರ ದಶಕದಲ್ಲಿ, ಸ್ಟೆರ್‍ರಾಡ್ ಹೆಸರಿನ ಯಂತ್ರದೊಂದಿಗೆ. ಕೆಲಸದ ಕ್ರಮ ಹೀಗಿದೆ. ಉಪಕರಣಗಳ ಟ್ರೇಗಳನ್ನು ಒಳಗಿಟ್ಟು ಬಾಗಿಲು ಮುಚ್ಚಿದ ಮೇಲೆ ಪಂಪು ಗಾಳಿಯನ್ನು ಎಳೆದು ಒತ್ತಡವನ್ನು 1 ಟಾರ್‌ಗಿಂತ ಕೆಳಕ್ಕೆ ಇಳಿಸುತ್ತದೆ. ಹೊರಗಿನ ಗಾಳಿಯ ಒತ್ತಡ 760 ಟಾರ್ ಎಂಬುದನ್ನು ನೆನೆದರೆ ಈ ನಿರ್ವಾತ ಎಷ್ಟು ಆಳದ್ದು ಎಂದು ತಿಳಿಯುತ್ತದೆ. ನಂತರ ಕ್ಯಾಸೆಟ್‌ನಿಂದ ಸುಮಾರು ಶೇ. 59 ಸಾಂದ್ರತೆಯ ಪೆರಾಕ್ಸೈಡ್ ದ್ರಾವಣ ಕೆಲವೇ ಮಿಲಿಲೀಟರ್‌ನಷ್ಟು ಹೊರಬಂದು ಆವಿಯಾಗುತ್ತದೆ. ಆ ಆವಿ ಪೊಟ್ಟಣದ ಹೊದಿಕೆ ದಾಟಿ ಉಪಕರಣದ ಮೂಲೆಮೂಲೆಗೆ ಹರಡಲು ಸಮಯ ಕೊಡಲಾಗುತ್ತದೆ. ಮತ್ತೆ ಒತ್ತಡ ಇಳಿಸಿ ಚೇಂಬರಿನೊಳಗಿನ ಎಲೆಕ್ಟ್ರೋಡ್‌ಗೆ ವಿದ್ಯುತ್ ಹರಿಸಿದಾಗ ಉಳಿದ ಆವಿ ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನ್‌ಗಳು ಬೇರ್ಪಟ್ಟು ಓಡಾಡುವ ಅನಿಲ, ಆಗುತ್ತದೆ.

ಪ್ಲಾಸ್ಮಾ ಎಂದರೂ ಒಳಗಿನ ಉಷ್ಣತೆ 50 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಅಷ್ಟು ಕಡಿಮೆ ಒತ್ತಡದಲ್ಲಿ ವಿದ್ಯುತ್ತಿನ ಶಕ್ತಿಯನ್ನು ಹೀರಿಕೊಳ್ಳುವುದು ಹಗುರವಾದ ಎಲೆಕ್ಟ್ರಾನ್‌ಗಳು ಮಾತ್ರ. ಭಾರದ ಅಣುಗಳಿಗೆ ಆ ಶಕ್ತಿ ದಾಟುವಷ್ಟು ಡಿಕ್ಕಿಗಳೇ ನಡೆಯುವುದಿಲ್ಲ, ಹಾಗಾಗಿ ಅನಿಲ ಕಾಯುವುದಿಲ್ಲ. ವಿದ್ಯುತ್ ನಿಂತೊಡನೆ ಚೂರಾದ ಪೆರಾಕ್ಸೈಡ್ ನೀರಿನ ಆವಿಯಾಗಿ, ಆಮ್ಲಜನಕವಾಗಿ ಮರುಜೋಡಣೆಗೊಳ್ಳುತ್ತದೆ. ಗಾಳಿಯಾಡಿಸುವ ಗಂಟೆಗಳ ಕೆಲಸವೇ ಉಳಿಯುವುದಿಲ್ಲ. ಮಾದರಿ ಮತ್ತು ಸೈಕಲ್ ನೋಡಿಕೊಂಡು ಇಡೀ ಪ್ರಕ್ರಿಯೆಗೆ ಹಿಡಿಯುವುದು 24ರಿಂದ 75 ನಿಮಿಷ.

ಆವಿಯೂಡುವುದು ಮತ್ತು ಪ್ಲಾಸ್ಮಾ ಹೊತ್ತಿಸುವುದು ಒಂದೇ ಸೈಕಲ್‌ನಲ್ಲಿ ಎರಡು ಸಲ ನಡೆಯುವಂತೆ ಸಾಮಾನ್ಯವಾಗಿ ರೂಪಿಸಿರುತ್ತಾರೆ. ಬ್ಯಾಕ್ಟೀರಿಯಾಗಳು ಕಷ್ಟಕಾಲ ಕಳೆಯಲು ತಾಳುವ ಸುಪ್ತ ರೂಪಕ್ಕೆ ಸ್ಪೋರ್ ಎನ್ನುತ್ತಾರೆ. ಅತ್ಯಂತ ಗಟ್ಟಿಗ ಸ್ಪೋರ್‌ಗಳಾದ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್‌ನ ಹತ್ತು ಲಕ್ಷವನ್ನು ಅರ್ಧ ಸೈಕಲ್ಲೇ ಸಾಯಿಸಬೇಕು. ಉಳಿದರ್ಧ ಸುರಕ್ಷತೆಯ ಅಂತರ. ಹತ್ತು ಲಕ್ಷ ಉಪಕರಣಗಳಲ್ಲಿ ಒಂದರಲ್ಲಿ ಮಾತ್ರ ಒಂದು ಜೀವಾಣು ಉಳಿದಿರುವ ಸಾಧ್ಯತೆ ಎಂಬ ಜಗತ್ತಿನ ಮಾನದಂಡ ದಕ್ಕುವುದು ಈ ಲೆಕ್ಕದಿಂದ.

ಕೊಲ್ಲುವುದು ಪ್ಲಾಸ್ಮಾವೋ ಆವಿಯೋ?

ಈ ಕ್ಷೇತ್ರದಲ್ಲಿ ಹಳೆಯ ಚರ್ಚೆ ಇದು. ಪ್ಲಾಸ್ಮಾ ಹೊತ್ತಿದಾಗ ಹುಟ್ಟುವ, ಬಹಳ ಚುರುಕಾಗಿ ಬೇರೆ ಅಣುಗಳ ಮೇಲೆರಗುವ ಹೈಡ್ರಾಕ್ಸಿಲ್ ರ್‍ಯಾಡಿಕಲ್‌ಗಳು ಮತ್ತು ಅತಿನೇರಳೆ ಬೆಳಕು ಜೀವಕೋಶದ ಪೊರೆ, ಕಿಣ್ವ, ಡಿಎನ್‌ಎಗಳನ್ನು ಛಿದ್ರಗೊಳಿಸುತ್ತವೆ ಎಂಬುದು ಮೊದಲ ವಾದ. ಸ್ಪೋರ್‌ಗಳು ಪ್ಲಾಸ್ಮಾ ಹೊತ್ತುವ ಮುಂಚಿನ ಹರಡುವ ಹಂತದಲ್ಲೇ ಸತ್ತಿರುತ್ತವೆ, ಪ್ಲಾಸ್ಮಾದ ಮುಖ್ಯ ಕೆಲಸ ಉಳಿದ ಪೆರಾಕ್ಸೈಡನ್ನು ಒಡೆದು ಉಪಕರಣವನ್ನು ಮುಟ್ಟಲು ಯೋಗ್ಯ ಮಾಡುವುದು ಎಂಬುದು ಎರಡನೆಯದು. ಪ್ಲಾಸ್ಮಾ ಇಲ್ಲದೆ ಬರಿಯ ಆವಿಯಿಂದ ನಡೆಯುವ ಯಂತ್ರಗಳೂ ಅದೇ ಮಟ್ಟದ ಫಲಿತಾಂಶ ಕೊಡುತ್ತಿರುವುದರಿಂದ ಎರಡನೆಯ ವಾದವೇ ಹೆಚ್ಚು ಬಲವಾಗಿದೆ. 2022ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 22441 ಕೂಡ ರೂಪುಗೊಂಡಿರುವುದು ಪೆರಾಕ್ಸೈಡ್ ಆವಿಯ ಸುತ್ತ. ಎಫ್‌ಡಿಎ 2024ರಲ್ಲಿ ಆಧಾರವಾಗಿ ಇಟ್ಟುಕೊಂಡದ್ದು ಅದನ್ನೇ.

ಇದು ಪಂಡಿತರ ತಕರಾರೆಂದು ಬದಿಗಿಡುವಂತಿಲ್ಲ. ಕೊಲ್ಲುವುದು ಆವಿಯೇ ಆಗಿದ್ದರೆ, ಆವಿ ತಲುಪದ ಜಾಗದಲ್ಲಿ ಪ್ಲಾಸ್ಮಾ ಎಷ್ಟೇ ಪ್ರಖರವಾಗಿ ಹೊತ್ತಿದರೂ ಪ್ರಯೋಜನವಿಲ್ಲ. ಸಣ್ಣ ಕೊಳವೆಯ ಒಳಗೆ ಪ್ಲಾಸ್ಮಾ ಹೇಗೂ ಹೊಕ್ಕುವುದಿಲ್ಲ, ಅಲ್ಲಿ ಹುಟ್ಟಿದ ರ್‍ಯಾಡಿಕಲ್‌ಗಳು ಕ್ಷಣಾರ್ಧದಲ್ಲಿ ಗೋಡೆಗೆ ತಾಗಿ ಮುಗಿದುಹೋಗುತ್ತವೆ. ಹಾಗಾಗಿ ಈ ವಿಧಾನದ ಎಲ್ಲ ಮಿತಿಗಳೂ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಆವಿ ಅಲ್ಲಿಗೆ ತಲುಪಿತೇ?

ಒಂದು ಹನಿ ನೀರಿನ ಲೆಕ್ಕ

ಯಂತ್ರ ನಡುವೆಯೇ ‘ಸೈಕಲ್ ರದ್ದು’ ಎಂದು ನಿಲ್ಲುವುದು ಆಸ್ಪತ್ರೆಗಳಲ್ಲಿ ಮಾಮೂಲಿ ದೂರು. ಬೈಗುಳ ಯಂತ್ರಕ್ಕೆ ಬೀಳುತ್ತದೆ. ಬಹಳ ಸಲ ಕಾರಣ ಮಾತ್ರ ಸರಿಯಾಗಿ ಒಣಗಿಸದ ಉಪಕರಣ.

0.05 ಮಿಲಿಲೀಟರ್, ಅಂದರೆ ಒಂದೇ ಒಂದು ಹನಿ ನೀರು ಕೊಳವೆಯೊಳಗೆ ಉಳಿದಿದೆ ಎಂದುಕೊಳ್ಳಿ. 0.5 ಟಾರ್ ಒತ್ತಡದಲ್ಲಿ, 50 ಡಿಗ್ರಿಯಲ್ಲಿ ಅದು ಪೂರ್ತಿ ಆವಿಯಾದರೆ ಸುಮಾರು 110 ಲೀಟರ್ ಜಾಗ ಬೇಡುತ್ತದೆ. 100 ಲೀಟರಿನ ಚೇಂಬರಿಗೆ ಆ ಹನಿಯೊಂದೇ ಸಾಕು. ಪಂಪು ಎಳೆಯುತ್ತಲೇ ಇರುತ್ತದೆ, ಒತ್ತಡ ನಿಗದಿತ ಸಮಯದಲ್ಲಿ ಇಳಿಯುವುದಿಲ್ಲ, ಯಂತ್ರ ಕೈಚೆಲ್ಲುತ್ತದೆ. ಇನ್ನೂ ಕೆಟ್ಟ ಸಂದರ್ಭವೂ ಉಂಟು. ಒತ್ತಡ 4.6 ಟಾರ್‌ಗಿಂತ ಕೆಳಗಿಳಿದಾಗ ನೀರು ದ್ರವವಾಗಿ ಉಳಿಯಲಾರದು. ಬೇಗ ಬೇಗ ಆವಿಯಾಗುತ್ತಾ ತನ್ನ ಶಾಖವನ್ನೇ ಕಳೆದುಕೊಂಡು ಉಳಿದ ಭಾಗ ಮಂಜುಗಡ್ಡೆಯಾಗುತ್ತದೆ. ಕಿರಿದಾದ ಕೊಳವೆಯಲ್ಲಿ ಆ ಗಡ್ಡೆ ಬಿರಡೆಯಂತೆ ಕೂತು ಆವಿಯ ದಾರಿಯನ್ನು ಮುಚ್ಚುತ್ತದೆ. ರದ್ದಾದ ಸೈಕಲ್‌ನಿಂದ ನಷ್ಟವಾಗುವುದು ಸಮಯ ಮತ್ತು ಕ್ಯಾಸೆಟ್‌ನ ಒಂದು ಪಾಲು. ಗಡ್ಡೆ ಕಟ್ಟಿಯೂ ರದ್ದಾಗದೆ ಮುಗಿದ ಸೈಕಲ್ ರೋಗಿಗೆ ಅಪಾಯ.

ಇದೇ ಭೌತಶಾಸ್ತ್ರ ಪೆರಾಕ್ಸೈಡ್ ದ್ರಾವಣಕ್ಕೂ ಅನ್ವಯಿಸುತ್ತದೆ. ಅದರಲ್ಲಿರುವ ನೀರು ಪೆರಾಕ್ಸೈಡ್‌ಗಿಂತ ಬೇಗ ಆವಿಯಾಗಿ ಕೊಳವೆಗಳೊಳಗೆ ಮೊದಲು ತಾನೇ ತುಂಬಿಕೊಳ್ಳುತ್ತದೆ, ಹಿಂದಿನಿಂದ ಬರುವ ಪೆರಾಕ್ಸೈಡ್‌ಗೆ ದಾರಿ ಕಷ್ಟವಾಗುತ್ತದೆ. ಹೊಸ ಪೀಳಿಗೆಯ ಕೆಲವು ಯಂತ್ರಗಳು ಚೇಂಬರಿಗೆ ಬಿಡುವ ಮುನ್ನವೇ ನೀರನ್ನು ತೆಗೆದು ಸಾಂದ್ರತೆಯನ್ನು ಶೇ. 90ರ ಸುತ್ತಮುತ್ತ ಏರಿಸಿಕೊಳ್ಳುವುದು ಇದಕ್ಕಾಗಿ. ಕೊಳವೆಯ ಮಿತಿ ಹಿಗ್ಗಿದ್ದೂ ಸಮಯ ತಗ್ಗಿದ್ದೂ ಬಹುಮಟ್ಟಿಗೆ ಈ ಸುಧಾರಣೆಯಿಂದ.

ಏನು ಹಾಕಬಾರದು, ಯಾಕೆ

ಹತ್ತಿ, ಲಿನನ್, ಕಾಗದ, ರಟ್ಟು ಪೆರಾಕ್ಸೈಡನ್ನು ಹೀರಿಕೊಂಡುಬಿಡುತ್ತವೆ, ಉಪಕರಣಕ್ಕೆ ಉಳಿಯುವ ಆವಿ ಕಡಿಮೆಯಾಗುತ್ತದೆ. ಅದಕ್ಕೇ ಹೊದಿಕೆಗೆ ನೇಯದ ಪಾಲಿಪ್ರೊಪಿಲೀನ್ ಬಟ್ಟೆ, ಪೌಚ್‌ಗೆ ಟೈವೆಕ್ ಎಂಬ ಪ್ಲಾಸ್ಟಿಕ್ ನಾರಿನ ಹಾಳೆ. ಆಟೋಕ್ಲೇವ್‌ಗೆ ಬಳಸುವ ಕಾಗದದ ಪೌಚನ್ನು ಅವಸರದಲ್ಲಿ ಇಲ್ಲಿಗೆ ಹಾಕುವುದು ಸಾಮಾನ್ಯ ತಪ್ಪು. ದ್ರವ, ಪುಡಿ, ಎಣ್ಣೆಗಳೊಳಗೆ ಆವಿ ಇಳಿಯುವುದಿಲ್ಲ, ಆದ್ದರಿಂದ ಕೀಲುಗಳಿಗೆ ಎಣ್ಣೆ ಸವರಿದ ಉಪಕರಣ ಹೊರಗೆ ನೋಡಲು ಸ್ವಚ್ಛವಾಗಿದ್ದರೂ ಎಣ್ಣೆಯ ಪದರದ ಕೆಳಗೆ ಸ್ಟೆರೈಲ್ ಅಲ್ಲ. ತಾಮ್ರ, ಹಿತ್ತಾಳೆ, ಬೆಳ್ಳಿ ಪೆರಾಕ್ಸೈಡನ್ನು ಮುಟ್ಟಿದಲ್ಲೇ ಒಡೆದುಹಾಕುವ ಲೋಹಗಳು. ನೈಲಾನ್ ಮತ್ತು ಪಾಲಿಯುರೆಥೇನ್ ಪೆರಾಕ್ಸೈಡನ್ನು ಹೀರಿ ಮೆಲ್ಲನೆ ಬಿಡುತ್ತವೆ, ಪದೇ ಪದೇ ಒಡ್ಡಿದರೆ ನೈಲಾನ್ ಪೆಡಸಾಗುತ್ತದೆ. ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಲೂಬ್ರಿಕೆಂಟ್ ಬಳಸಿ ಜೋಡಿಸಿದ ಎಂಡೋಸ್ಕೋಪ್‌ಗಳಲ್ಲಂತೂ ಪೆರಾಕ್ಸೈಡ್ ಅದನ್ನು ಉತ್ಕರ್ಷಿಸಿ ಗಂಧಕಾಮ್ಲ ಹುಟ್ಟಿಸುತ್ತದೆ, ಒಳಗಿನ ತಂತಿಗಳು ಕಾಣದಂತೆ ಸವೆಯುತ್ತವೆ.

ಲೋಹದ ವಿಷಯದಲ್ಲಿ ಇತಿಹಾಸ ಕೊಟ್ಟ ಪಾಠ ಕಠಿಣವಾದದ್ದು. 1990ರ ದಶಕದಲ್ಲಿ ಅಮೆರಿಕದ ಆಬ್‌ಟಾಕ್ಸ್ ಕಂಪನಿ ಪ್ಲಾಸ್‌ಲೈಟ್ ಎಂಬ ಬೇರೊಂದು ಪ್ಲಾಸ್ಮಾ ಯಂತ್ರ ಮಾರಿತ್ತು. ಅದರಲ್ಲಿ ಬಳಕೆಯಾಗುತ್ತಿದ್ದದ್ದು ಪೆರಾಸಿಟಿಕ್ ಆಮ್ಲ. ಹಿತ್ತಾಳೆಯ ಭಾಗಗಳಿದ್ದ ಕಣ್ಣಿನ ಶಸ್ತ್ರಚಿಕಿತ್ಸೆಯ ಉಪಕರಣಗಳು ಅದರಲ್ಲಿ ಸ್ಟೆರಿಲೈಸ್ ಆದಾಗ ತಾಮ್ರ ಮತ್ತು ಸತುವಿನ ಲವಣಗಳು ಕೊಳವೆಗಳಲ್ಲಿ ಉಳಿದು, ಶಸ್ತ್ರಚಿಕಿತ್ಸೆಯ ವೇಳೆ ಕಣ್ಣಿನೊಳಗೆ ಹೋಗಿ ಕಾರ್ನಿಯಾ ಹಾಳಾದ ಪ್ರಕರಣಗಳು 1998ರಲ್ಲಿ ಬೆಳಕಿಗೆ ಬಂದವು. ಮಾರಿದ ಯಂತ್ರ ಎಫ್‌ಡಿಎ ಅನುಮತಿಸಿದ ಮಾದರಿಯಾಗಿರಲಿಲ್ಲ. ಕಂಪನಿಯ ಇಬ್ಬರು ಮುಖ್ಯಸ್ಥರಿಗೆ ಮುಂದೆ ಶಿಕ್ಷೆಯಾಯಿತು. ಇಂದಿನ ಪೆರಾಕ್ಸೈಡ್ ಯಂತ್ರಗಳ ರಸಾಯನ ಬೇರೆ. ಆದರೂ ಕಣ್ಣಿನೊಳಗೆ ಹೋಗುವ ಉಪಕರಣಗಳನ್ನು, ತಯಾರಕರ ಲಿಖಿತ ಒಪ್ಪಿಗೆ ಇಲ್ಲದೆ ಯಾವ ಪ್ಲಾಸ್ಮಾ ಯಂತ್ರಕ್ಕೂ ಹಾಕಬಾರದೆಂಬ ಬಿಗಿ ಆಗಿನಿಂದ ಬಂದದ್ದು, ಅದು ಸಡಿಲವಾಗಬಾರದು.

ಕೊಳವೆಯ ಅಳತೆಗೂ ಇದೇ ಶಿಸ್ತು ಬೇಕು. ಬಳಕೆಯಲ್ಲಿರುವ ಒಂದು ಪ್ರಮುಖ ಮಾದರಿಯ ಸಾಮಾನ್ಯ ಸೈಕಲ್, ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯಾದರೆ ಒಳವ್ಯಾಸ 0.7 ಮಿ.ಮೀ.ಗಿಂತ ಕಡಿಮೆ ಇರದ, ಉದ್ದ 500 ಮಿ.ಮೀ. ಮೀರದ ಉಪಕರಣಗಳಿಗೆ ಮಾತ್ರ. ಬಾಗುವ ಎಂಡೋಸ್ಕೋಪ್‌ಗಳ ಪ್ಲಾಸ್ಟಿಕ್ ಕೊಳವೆಗೆ ಬೇರೆ ಸೈಕಲ್, ಬೇರೆ ಅಳತೆ: ವ್ಯಾಸ 1 ಮಿ.ಮೀ. ಅಥವಾ ಹೆಚ್ಚು, ಉದ್ದ 850 ಮಿ.ಮೀ.ವರೆಗೆ. ಒಂದು ತುದಿ ಮುಚ್ಚಿದ ಕೊಳವೆ ಇದ್ದರೆ ಲೆಕ್ಕವೇ ಬೇರೆ. ಪಿತ್ತನಾಳದ ಚಿಕಿತ್ಸೆಗೆ ಬಳಸುವ ಡ್ಯುಯೊಡೆನೊಸ್ಕೋಪ್‌ನ ಒಳದಾರಿ ಮೀಟರಿಗಿಂತ ಉದ್ದ, ತುದಿಯಲ್ಲಿ ಅಡಗಿ ಕೂರುವ ಎಲಿವೇಟರ್ ಎಂಬ ಚಲಿಸುವ ಚಿಕ್ಕ ಭಾಗ ಬೇರೆ. ಇವುಗಳ ಮೂಲಕ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾ ಹರಡಿದ್ದು ದೊಡ್ಡ ಸುದ್ದಿಯಾದ 2015ರಲ್ಲಿ, ಎಫ್‌ಡಿಎ ಸೂಚಿಸಿದ ಹೆಚ್ಚುವರಿ ಕ್ರಮಗಳಲ್ಲಿ ಇಟಿಒ ಇತ್ತು. ಆ ಉದ್ದಕ್ಕೆ ಆಗಿನ ಪ್ಲಾಸ್ಮಾ ಸೈಕಲ್‌ಗಳು ಎಟುಕುತ್ತಿರಲಿಲ್ಲ.

ಫಲಿತಾಂಶ ತೀರ್ಮಾನವಾಗುವುದು ತೊಳೆಯುವ ಸಿಂಕಿನಲ್ಲಿ

ಯಂತ್ರದ ಬಗ್ಗೆ ಎಷ್ಟೇ ಬರೆದರೂ ಹೆಚ್ಚಿನ ವೈಫಲ್ಯಗಳ ಬೇರು ಅದಕ್ಕಿಂತ ಹಿಂದಿನ ಹಂತದಲ್ಲಿದೆ. 1990ರ ದಶಕದಲ್ಲಿ ನಡೆದ ಪ್ರಯೋಗಗಳಲ್ಲಿ ಜೀವಾಣುಗಳಿಗೆ ಶೇ. 10 ಸೀರಮ್ ಮತ್ತು ಶೇ. 0.65 ಉಪ್ಪು ಬೆರೆಸಿ ಕಿರಿದಾದ ಕೊಳವೆಗಳಲ್ಲಿ ಒಣಗಿಸಿದಾಗ ಇಟಿಒ ಸಹಿತ ಅನಿಲ ವಿಧಾನಗಳೆಲ್ಲ ಮುಗ್ಗರಿಸಿದವು. ರಕ್ತದ ಪ್ರೋಟೀನ್ ಮತ್ತು ಉಪ್ಪಿನ ಹರಳುಗಳು ಸ್ಪೋರ್‌ಗಳ ಸುತ್ತ ಗೋಡೆ ಕಟ್ಟುತ್ತವೆ. ಹಬೆ ಈ ಗೋಡೆಯನ್ನು ತೇವ ಮತ್ತು ಬಿಸಿಯಿಂದ ಭೇದಿಸುತ್ತದೆ, ಪೆರಾಕ್ಸೈಡ್ ಆವಿಗೆ ಆ ಸಲಕರಣೆ ಇಲ್ಲ.

ಹಾಗಾಗಿ ಶಸ್ತ್ರಚಿಕಿತ್ಸೆ ಮುಗಿದೊಡನೆ ರಕ್ತ ಒಣಗಲು ಬಿಡದೆ ತೊಳೆಯಲು ತೊಡಗಬೇಕು. ಬಿಚ್ಚಬಹುದಾದ ಭಾಗವನ್ನೆಲ್ಲ ಬಿಚ್ಚಿ, ಎಂಜೈಮ್ ಡಿಟರ್ಜೆಂಟ್‌ನಲ್ಲಿ ತಯಾರಕರು ಹೇಳಿದಷ್ಟು ಹೊತ್ತು ನೆನೆಸಿ, ಕೊಳವೆಯ ವ್ಯಾಸಕ್ಕೆ ಹೊಂದುವ ಬ್ರಷ್ಷನ್ನು ಇನ್ನೊಂದು ತುದಿಯಿಂದ ಹೊರಬರುವವರೆಗೆ ತೂರಿಸಬೇಕು. ಕೊನೆಯ ತೊಳೆತ ಶುದ್ಧೀಕರಿಸಿದ ನೀರಿನಲ್ಲಿ. ನಲ್ಲಿ ನೀರಿನ ಲವಣಗಳೇ ಮತ್ತೆ ಪದರ ಕಟ್ಟುವುದರಿಂದ ಇಲ್ಲಿ ಉಳಿತಾಯ ಮಾಡಬಾರದು. ಆಮೇಲೆ ಸೋಸಿದ ವೈದ್ಯಕೀಯ ಗಾಳಿಯನ್ನು ಕೊಳವೆಯ ಮೂಲಕ ಹಾಯಿಸಿ, ತುದಿಗೆ ಹಿಡಿದ ಒಣ ಬಟ್ಟೆಯ ಮೇಲೆ ತೇವದ ಚುಕ್ಕೆ ಬೀಳದಿರುವವರೆಗೆ ಒಣಗಿಸಬೇಕು. ಭೂತಗನ್ನಡಿಯಲ್ಲಿ ಕೀಲುಗಳನ್ನು ನೋಡದೆ ಪ್ಯಾಕ್ ಮಾಡಬಾರದು.

ಬಾಗುವ ಎಂಡೋಸ್ಕೋಪ್‌ಗಳಿಗೆ ವೆಂಟ್ ಕ್ಯಾಪ್ ಎಂಬ ಚಿಕ್ಕ ಮುಚ್ಚಳವಿರುತ್ತದೆ. ಅದನ್ನು ಹಾಕಿದಾಗ ಸ್ಕೋಪಿನ ಒಳಕ್ಕೆ ಗಾಳಿಯ ದಾರಿ ತೆರೆದುಕೊಳ್ಳುತ್ತದೆ. ನೀರಿನಲ್ಲಿ ಮುಳುಗಿಸುವಾಗ ಅದನ್ನು ತೆಗೆದಿರಬೇಕು, ಇಲ್ಲದಿದ್ದರೆ ಒಳಗೆ ನೀರು ನುಗ್ಗುತ್ತದೆ. ಸ್ಟೆರಿಲೈಸರ್‌ಗೆ ಹಾಕುವಾಗ ಕಡ್ಡಾಯವಾಗಿ ಹಾಕಿರಬೇಕು, ಇಲ್ಲದಿದ್ದರೆ ನಿರ್ವಾತದಲ್ಲಿ ಒಳಗಿನ ಗಾಳಿ ಹಿಗ್ಗಿ ಹೊರಕವಚ ಒಡೆಯುತ್ತದೆ. ಈ ಒಂದು ಮರೆವಿಗೆ ಇಡೀ ಸ್ಕೋಪ್ ಹೋಗುತ್ತದೆ.

ತುಂಬುವಾಗ ಪೌಚ್‌ಗಳನ್ನು ಒಂದರ ಮೇಲೊಂದು ಪೇರಿಸದೆ, ಅಂಚಿನ ಮೇಲೆ ನಿಲ್ಲಿಸಿ, ಟೈವೆಕ್ ಮುಖಗಳೆಲ್ಲ ಒಂದೇ ದಿಕ್ಕಿಗೆ ಬರುವಂತೆ ಇಡಬೇಕು. ಲೋಡ್ ಮತ್ತು ಎಲೆಕ್ಟ್ರೋಡ್ ನಡುವೆ ಸುಮಾರು 25 ಮಿ.ಮೀ. ಅಂತರ ಬೇಕು. ಲೋಹ ಎಲೆಕ್ಟ್ರೋಡನ್ನು ಮುಟ್ಟಿದರೆ ಪ್ಲಾಸ್ಮಾ ಸಮವಾಗಿ ಹೊತ್ತದೆ ಸೈಕಲ್ ನಿಲ್ಲುತ್ತದೆ. ಬಣ್ಣ ಬದಲಿಸುವ ಕೆಮಿಕಲ್ ಇಂಡಿಕೇಟರ್ ಹೇಳುವುದು ಆವಿ ಪಟ್ಟಿಯನ್ನು ಮುಟ್ಟಿತು ಎಂದಷ್ಟೇ, ಸ್ಪೋರ್ ಸತ್ತಿತು ಎಂದಲ್ಲ. ಅದನ್ನು ಹೇಳುವುದು ಜೀವಂತ ಸ್ಪೋರ್‌ಗಳನ್ನು ಹೊತ್ತ ಬಯಲಾಜಿಕಲ್ ಇಂಡಿಕೇಟರ್ ಮಾತ್ರ, ಮತ್ತು ಅದನ್ನು ದಿನಕ್ಕೊಮ್ಮೆಯಾದರೂ ಇಡಬೇಕು.

ಸಿಬ್ಬಂದಿಯ ಸುರಕ್ಷತೆಯ ಬಗ್ಗೆ ಒಂದು ತಪ್ಪು ಧೈರ್ಯವಿದೆ. ಕೊನೆಗೆ ಉಳಿಯುವುದು ನೀರು, ಆಮ್ಲಜನಕ ತಾನೇ ಎನ್ನುತ್ತಾರೆ. ಸೈಕಲ್ ಪೂರ್ತಿ ಮುಗಿದರೆ ಅದು ನಿಜ. ರದ್ದಾದ ಸೈಕಲ್‌ನಲ್ಲಿ ಪೊಟ್ಟಣದ ಮೇಲೆ ಸಾಂದ್ರ ಪೆರಾಕ್ಸೈಡ್ ಹನಿಗಟ್ಟಿರಬಹುದು, ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಬೆಳ್ಳಗಾಗಿ ಸುಡುತ್ತದೆ. ಗಾಳಿಯಲ್ಲಿ ಪೆರಾಕ್ಸೈಡ್‌ನ ಮಿತಿಯೂ 1 ಪಿಪಿಎಂ, ಇಟಿಒಗೆ ಇರುವಷ್ಟೇ. ಕೈಗವಸು ಇಲ್ಲದೆ ರದ್ದಾದ ಲೋಡ್ ತೆಗೆಯಬಾರದು. ಕ್ಯಾಸೆಟ್ ಪೊಟ್ಟಣದ ಸೋರಿಕೆ ಪಟ್ಟಿ ಕೆಂಪಾಗಿದ್ದರೆ ಬಿಚ್ಚಲೇಬಾರದು.

ಯಾರ ವಾದ ಏನು

ಘಟಕಗಳ ಸುತ್ತ ವಾಸಿಸುವವರು ಕೇಳುತ್ತಿರುವುದು ನ್ಯಾಯವಾದದ್ದೇ: ಇನ್ನೊಬ್ಬರ ಚಿಕಿತ್ಸೆಗಾಗಿ ನಾವು ವಿಷದ ಗಾಳಿ ಯಾಕೆ ಉಸಿರಾಡಬೇಕು? ಉಪಕರಣ ತಯಾರಕರ ಉತ್ತರವನ್ನೂ ತಳ್ಳಿಹಾಕಲಾಗದು. ಎಫ್‌ಡಿಎ ಅಂದಾಜಿನಂತೆ ಅಮೆರಿಕದಲ್ಲಿ ಸ್ಟೆರಿಲೈಸ್ ಆಗಬೇಕಾದ ಉಪಕರಣಗಳಲ್ಲಿ ಅರ್ಧದಷ್ಟು, ವರ್ಷಕ್ಕೆ ಸುಮಾರು 2,000 ಕೋಟಿ, ಇಟಿಒ ಮೂಲಕವೇ ಹೋಗುತ್ತವೆ. ಕ್ಯಾತಿಟರ್, ಸಿರಿಂಜ್, ಶಸ್ತ್ರಚಿಕಿತ್ಸಾ ಕಿಟ್‌ಗಳು ರಟ್ಟಿನ ಪೆಟ್ಟಿಗೆಗಳಲ್ಲಿ, ಪ್ಯಾಲೆಟ್‌ಗಟ್ಟಲೆ, ಕೋಣೆಯಷ್ಟು ದೊಡ್ಡ ಚೇಂಬರಿಗೆ ಹೋಗಿ ಬರುತ್ತವೆ. ರಟ್ಟು ಮತ್ತು ಕಾಗದವನ್ನು ಕಂಡರಾಗದ ಪೆರಾಕ್ಸೈಡ್ ಈ ಕೆಲಸವನ್ನು ಇದ್ದಂತೆಯೇ ವಹಿಸಿಕೊಳ್ಳಲಾರದು. ಗಾಮಾ ಅಥವಾ ಎಕ್ಸ್-ರೇ ವಿಕಿರಣ ರಟ್ಟನ್ನು ದಾಟುತ್ತದಾದರೂ ಟೆಫ್ಲಾನ್, ಪಾಲಿಪ್ರೊಪಿಲೀನ್‌ಗಳನ್ನು ಪೆಡಸು ಮಾಡುತ್ತದೆ, ಎಲೆಕ್ಟ್ರಾನಿಕ್ ಭಾಗಗಳನ್ನು ಕೆಡಿಸುತ್ತದೆ.

ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂದುಕೊಂಡದ್ದರಿಂದ ಈ ಗೊಂದಲ. ಆಸ್ಪತ್ರೆಯೊಳಗೆ, ಮತ್ತೆ ಮತ್ತೆ ಬಳಸುವ ಬಿಡಿ ಉಪಕರಣಗಳ ವಿಷಯದಲ್ಲಿ ಪ್ಲಾಸ್ಮಾ ಈಗಾಗಲೇ ಇಟಿಒ ಜಾಗದಲ್ಲಿ ಬಹುಪಾಲು ಕೂತಿದೆ, ಇನ್ನೂ ಕೂರಬೇಕು. ಕಾರ್ಖಾನೆಯ ಪ್ಯಾಲೆಟ್ಟುಗಳ ವಿಷಯದಲ್ಲಿ ಅದು ಬದಲಿಯಲ್ಲ. 2024ರ ಎಫ್‌ಡಿಎ ನಿರ್ಧಾರದ ಫಲವೆಂದರೆ ಹೊಸ ಉಪಕರಣ ರೂಪಿಸುವವರು ಪೆರಾಕ್ಸೈಡ್ ಆವಿಯನ್ನು ಆರಿಸಿಕೊಂಡರೆ ಪರಿಶೀಲನೆಯ ಹೊರೆ ಹಗುರ. ಹಳೆಯ ಉಪಕರಣ ಒಂದೊಂದಕ್ಕೂ ಪ್ಯಾಕಿಂಗ್ ಬದಲಿಸಿ ಹೊಸದಾಗಿ ಪರೀಕ್ಷೆ ನಡೆಸಬೇಕಾದ ಕೆಲಸ ಹಾಗೆಯೇ ಉಳಿದಿದೆ, ಅದು ವರ್ಷಗಳನ್ನು ಬೇಡುತ್ತದೆ.

ಮುಂದೆ ಏನಾಗಬಹುದು

2025ರ ಜನವರಿಯಲ್ಲಿ ಇಪಿಎ ಕೆಲಸಗಾರರ ರಕ್ಷಣೆಗಾಗಿ ಹೊರಡಿಸಿದ ಇನ್ನೊಂದು ನಿರ್ಧಾರ ಗಾಳಿಯಲ್ಲಿನ ಇಟಿಒ ಮಿತಿಯನ್ನು ಹಂತಹಂತವಾಗಿ 2035ರ ಹೊತ್ತಿಗೆ 0.1 ಪಿಪಿಎಂಗೆ ಇಳಿಸುವಂತೆ ಹೇಳುತ್ತದೆ. ಕಾರ್ಖಾನೆಗಳಿಗೆ ಸಿಕ್ಕ ವಿನಾಯಿತಿ ಏನೇ ಆಗಲಿ, ಆಸ್ಪತ್ರೆಯೊಳಗಿನ ಸಣ್ಣ ಇಟಿಒ ಯಂತ್ರಗಳನ್ನು ನಡೆಸುವುದು ದುಬಾರಿಯಾಗುತ್ತಾ ಹೋಗುತ್ತದೆ. ಅವುಗಳನ್ನು ಮುಚ್ಚುವ ಒತ್ತಡದಲ್ಲಿ, ಪ್ಲಾಸ್ಮಾದ ಮಿತಿಗೆ ಸೇರದ ಉಪಕರಣಗಳನ್ನೂ ಅದಕ್ಕೇ ತುರುಕುವ ಪ್ರವೃತ್ತಿ ಬೆಳೆಯಬಹುದು. ನಿಜವಾಗಿ ಆತಂಕಪಡಬೇಕಾದದ್ದು ಇದಕ್ಕೆ. ಯಾಕೆಂದರೆ ಮಿತಿ ಮೀರಿದ ಕೊಳವೆ ಹಾಕಿದಾಗ ಯಂತ್ರ ತಡೆಯುವುದಿಲ್ಲ. ಒತ್ತಡ ಸರಿ, ಉಷ್ಣತೆ ಸರಿ, ಪಟ್ಟಿಯ ಬಣ್ಣವೂ ಬದಲಾಗಿರುತ್ತದೆ, ಸೈಕಲ್ ಯಶಸ್ವಿ ಎಂಬ ಚೀಟಿ ಮುದ್ರಣವಾಗಿ ಬರುತ್ತದೆ. ಕೊಳವೆಯ ನಡುಭಾಗದಲ್ಲಿ ಏನು ಉಳಿದಿದೆ ಎಂಬುದು ಆ ಚೀಟಿಗೆ ಗೊತ್ತಿರುವುದಿಲ್ಲ.

ಇಟಿಒ ಯಂತ್ರ ಬಿಡುವ ಮುನ್ನ ಪ್ರತಿ ಆಸ್ಪತ್ರೆ ತನ್ನ ಉಪಕರಣಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, ಮೂರು ಕಡೆಯ ಲಿಖಿತ ಸೂಚನೆಗಳನ್ನು ಎದುರುಬದುರು ಇಟ್ಟು ನೋಡಬೇಕು: ಉಪಕರಣದ ತಯಾರಕರದ್ದು, ಸ್ಟೆರಿಲೈಸರ್ ತಯಾರಕರದ್ದು, ಹೊದಿಕೆ-ಪೌಚ್ ತಯಾರಕರದ್ದು. ಮೂರೂ ಅದೇ ಯಂತ್ರದ ಅದೇ ಸೈಕಲ್ಲನ್ನು ಹೆಸರಿಸಿ ಒಪ್ಪಿದರೆ ಮಾತ್ರ ಆ ಉಪಕರಣ ಪ್ಲಾಸ್ಮಾಕ್ಕೆ ಹೋಗಬೇಕು. ಒಂದರಲ್ಲಾದರೂ ಹೆಸರಿಲ್ಲದಿದ್ದರೆ ಉಳಿಯುವ ದಾರಿಗಳು ಮೂರು. ಹಬೆ ತಾಳುವ ಹೊಸ ಮಾದರಿ ಕೊಳ್ಳುವುದು, ಒಮ್ಮೆ ಬಳಸಿ ಎಸೆಯುವ ಮಾದರಿಗೆ ಹೋಗುವುದು, ಅಥವಾ ಹೊರಗಿನ ಇಟಿಒ ಘಟಕಕ್ಕೆ ಕಳಿಸಿ, ಹೋಗಿ ಬರುವ ದಿನಗಳಿಗೆ ಸಾಕಾಗುವಷ್ಟು ಹೆಚ್ಚುವರಿ ಸೆಟ್‌ಗಳನ್ನು ಇಟ್ಟುಕೊಳ್ಳುವುದು. ಈ ಮೂರಕ್ಕೂ ಖರ್ಚಿದೆ, ಆ ಖರ್ಚನ್ನು ಇಟಿಒ ಯಂತ್ರ ಮುಚ್ಚುವ ನಿರ್ಧಾರದ ಜೊತೆಗೇ ಬಜೆಟ್ಟಿನಲ್ಲಿ ತೋರಿಸಬೇಕು.